ಮೊದಲು ಹಾಡು, ಆಮೇಲೆ ಹೆಡ್‌ಫೋನ್

ಅಂಗಡಿಯಲ್ಲಿ ಹೆಡ್‌ಫೋನ್ ಕಿವಿಗಿಟ್ಟು ನೋಡುವಾಗ ಸಾಮಾನ್ಯವಾಗಿ ಕೇಳಿಸುವುದು ಒಂದೇ ಬಗೆಯ ಸಂಗೀತ: ಗುದ್ದುವ ಬಾಸ್, ಮಿನುಗುವ ಸಿಂಬಲ್. ಎರಡೇ ನಿಮಿಷಕ್ಕೆ ಮನಸ್ಸು ಒಪ್ಪಿಬಿಡುತ್ತದೆ. ಅದನ್ನೇ ಮನೆಗೆ ತಂದು ಮಲ್ಲಿಕಾರ್ಜುನ ಮನ್ಸೂರರ ರಾಗವೊಂದನ್ನು ಹಾಕಿದರೆ, ತಬಲಾದ ಡಗ್ಗಾ ಗುಂಯ್‌ಗುಡುತ್ತ ಮುಂದೆ ಬಂದು ಕೂರುತ್ತದೆ, ಮನ್ಸೂರರು ಎಲ್ಲೋ ಹಿಂದಿನ ಕೋಣೆಯಲ್ಲಿ ಹಾಡುತ್ತಿರುವಂತೆ ಕೇಳುತ್ತದೆ. ಹೆಡ್‌ಫೋನಿನಲ್ಲಿ ದೋಷವಿಲ್ಲ. ಅದನ್ನು ಹದ ಮಾಡಿದವರ ಮನಸ್ಸಿನಲ್ಲಿದ್ದ ಸಂಗೀತ ಬೇರೆ, ಅಷ್ಟೆ.

ಜನಪ್ರಿಯ ಹೆಡ್‌ಫೋನ್‌ಗಳಲ್ಲಿ ಅನೇಕವು ತಗ್ಗಿನ ಮತ್ತು ಮೇಲಿನ ನಾದಗಳನ್ನು ಎತ್ತಿ, ನಡುವಿನದನ್ನು ಹಿಂದಕ್ಕೆ ಸರಿಸುತ್ತವೆ. ಮನುಷ್ಯನ ಕಿವಿ ಕೇಳುವ ವ್ಯಾಪ್ತಿ 20ರಿಂದ 20,000 ಹರ್ಟ್ಸ್. ಆದರೆ ಹಾಡುವ ದನಿಯ ಜೀವ ಇರುವುದು ಈ ನಡುವಿನ ಪಟ್ಟಿಯಲ್ಲೇ; ವ್ಯಂಜನಗಳು ಬಿಡಿಬಿಡಿಯಾಗಿ ಕೇಳಬೇಕಾದರೆ 2,000ದಿಂದ 4,000 ಹರ್ಟ್ಸ್ ಚೊಕ್ಕವಾಗಿರಬೇಕು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಿದ ಭಾವಗೀತೆಗಳನ್ನು ನಾವು ಕೇಳುವುದು ಕವಿತೆಗಾಗಿ. ಅಲ್ಲಿ ಒಂದು ಪದ ಮಸುಕಾದರೂ ಹಾಡು ಅರ್ಧ ಹೋದಂತೆ. ಅಂಥ ಕೇಳುಗರು ನಡುನಾದ ಮುಂದಿರುವ ಹೆಡ್‌ಫೋನನ್ನೇ ಹುಡುಕಬೇಕು; ಬಾಸ್ ಕಡಿಮೆ ಎಂದು ಯಾರಾದರೂ ಹೇಳಿದರೆ ತಲೆಕೆಡಿಸಿಕೊಳ್ಳಬಾರದು.

ಶಾಸ್ತ್ರೀಯ ಸಂಗೀತದವರ ಕೈಯಲ್ಲಿ ಇನ್ನೂ ಒಳ್ಳೆಯ ಪರೀಕ್ಷೆಯಿದೆ. ಅದು ತಂಬೂರಿ. ಅದರ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಸಿಕ್ಕಿಸುವ ಜೀವಾಳದ ದಾರ ಸರಿಯಾದ ಜಾಗಕ್ಕೆ ಬಂದಾಗ ತಂತಿ ಕುದುರೆಯನ್ನು ಸವರುತ್ತ ಕಂಪಿಸಿ, ಒಂದು ಸ್ವರದೊಳಗಿಂದ ಹಲವು ಸ್ವರಗಳು ಅರಳುತ್ತವೆ. ಮಂದ್ರ ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುವುದನ್ನು ಸಂಗೀತ ಬಲ್ಲವರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಲೆಕ್ಕವೂ ಸರಳ. ಶ್ರುತಿ ಒಂದನೇ ಮನೆಯದಾದರೆ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಅದರ ಐದು ಪಟ್ಟು, ಅಂದರೆ ಸುಮಾರು 327 ಹರ್ಟ್ಸ್‌ನಲ್ಲಿ ಈ ಗಾಂಧಾರ ಹುಟ್ಟುತ್ತದೆ. ಬಾಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಆ ಉಬ್ಬು 200, 300 ಹರ್ಟ್ಸ್‌ವರೆಗೂ ಚಾಚಿಕೊಂಡಿದ್ದರೆ ಗಾಂಧಾರ ಅದರಲ್ಲಿ ಮುಳುಗಿ, ತಂಬೂರಿ ಬರೀ ಗುಂಗಾಗಿ ಉಳಿಯುತ್ತದೆ. ಕಛೇರಿ ಶುರುವಾಗುವ ಮೊದಲಿನ ಆ ಅರ್ಧ ನಿಮಿಷದ ತಂಬೂರಿಯಲ್ಲಿ ಗಾಂಧಾರ ಕೇಳಿಸಿತೆಂದರೆ ಆ ಹೆಡ್‌ಫೋನಿನ ಮೇಲೆ ಅರ್ಧ ಭರವಸೆ ಇಡಬಹುದು.

ಉಳಿದರ್ಧ ಮೃದಂಗದ್ದು. ಎಡಗಡೆಗೆ ರವೆ ಕಲಸಿ ಹಚ್ಚಿದ ಮೇಲೆ ಬರುವ ಗುಮ್ಕಿ ಬರಿಯ ‘ಧುಂ’ ಅಲ್ಲ, ಸ್ವರ ಜಾರುತ್ತ ಏರುವ ನಾದ. ಆ ಜಾರು ಸ್ಪಷ್ಟವಾಗಿ ಕೇಳಬೇಕು. ಬಲಗಡೆಯ ಛಾಪು ಚುರುಕಾಗಿರಬೇಕು, ಆದರೆ ಕಿವಿ ಚುಚ್ಚಬಾರದು. ಗಂಗೂಬಾಯಿ ಹಾನಗಲ್ಲರ ತುಂಬಿದ, ಗಂಭೀರ ದನಿಯನ್ನೂ ಒಮ್ಮೆ ಹಾಕಿ ನೋಡಿ. ಅದು ಸಪೂರವಾಗಿ ಕೇಳಿದರೆ ಆ ಹೆಡ್‌ಫೋನನ್ನು ಅಲ್ಲೇ ಇಟ್ಟು ಬನ್ನಿ.

ಕಿವಿಯ ಬಟ್ಟಲು ಹಿಂಬದಿಯಲ್ಲಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಮುಂದಿನ ಪ್ರಶ್ನೆ. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಬಂದಾಗಿನಿಂದ ತೆರೆದ ಹೆಡ್‌ಫೋನ್ ಮನೆಮಾತಾಯಿತು. ಅದೇ ಕಂಪನಿಯ ಎಚ್‌ಡಿ 600 ಬಂದದ್ದು 1997ರಲ್ಲಿ. ಇಂದಿಗೂ ಮಾರಾಟದಲ್ಲಿದೆ, ದನಿ ಮತ್ತು ತಂತಿವಾದ್ಯಗಳಿಗೆ ಇದರಷ್ಟು ನಂಬಿಕಸ್ಥ ಹೆಡ್‌ಫೋನ್ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ. ತೆರೆದದ್ದರಲ್ಲಿ ಹಾಡು ತಲೆಯಿಂದ ಆಚೆ ಹರಡಿದಂತಿರುತ್ತದೆ, ಹೊರಗಿನ ಸದ್ದೂ ಒಳಗೆ ಬರುತ್ತದೆ. ಬಸ್ಸು, ಹಾಸ್ಟೆಲ್, ಕಚೇರಿಯಲ್ಲಿ ಕೇಳುವವರಿಗೆ ಮುಚ್ಚಿದ್ದೇ ಗತಿ. 1987ರ ‘ಪ್ರೇಮಲೋಕ’ದಂಥ ತಾಳಪ್ರಧಾನ ಹಾಡುಗಳನ್ನು ಮೆಚ್ಚುವವರಿಗೆ ಮುಚ್ಚಿದ ಹೆಡ್‌ಫೋನಿನ ತುಂಬು ಬಾಸ್ ಖುಷಿಯನ್ನೇ ಕೊಡುತ್ತದೆ. ಹಳೆಯ ಚಿತ್ರಗೀತೆಗಳ ಮಾತು ಬೇರೆ. ಮೊನೊದಲ್ಲಿ ಮುದ್ರಣವಾದ, ಟೇಪಿನ ಸುಯ್ಲು ಉಳಿದಿರುವ ಆ ಹಾಡುಗಳಿಗೆ ಟ್ರೆಬಲ್ ಹೆಚ್ಚಿರುವ ದುಬಾರಿ ಹೆಡ್‌ಫೋನ್ ಅನ್ಯಾಯ ಮಾಡುತ್ತದೆ. ಸುಯ್ಲೇ ಎದ್ದು ಕೇಳುತ್ತದೆ. ಮೃದುವಾದ ಟ್ರೆಬಲ್ ಇರುವುದನ್ನು ಆರಿಸಿ.

ಇನ್ನು ಆಂಪ್ಲಿಫಯರ್. ಬೇಕೇ ಬೇಕು ಎಂದು ಮಾರುವವರು ಹೇಳುತ್ತಾರೆ, ಬಹಳ ಜನಕ್ಕೆ ಬೇಡ. ಬ್ಲೂಟೂತ್ ಹೆಡ್‌ಫೋನಿಗಂತೂ ಆಂಪ್ಲಿಫಯರ್ ಒಳಗೇ ಇರುತ್ತದೆ. ತಂತಿಯದಾದರೆ ಎರಡು ಅಂಕಿ ನೋಡಬೇಕು: ವಿದ್ಯುತ್ತಿಗೆ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್; ಮತ್ತು ಕೊಟ್ಟ ಶಕ್ತಿಗೆ ಎಷ್ಟು ಜೋರಾಗಿ ಹಾಡುತ್ತದೆ ಎಂಬ ಸೆನ್ಸಿಟಿವಿಟಿ. ಎಚ್‌ಡಿ 600ರ ಇಂಪೀಡೆನ್ಸ್ 300 ಓಮ್. ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಅನೇಕ ಫೋನುಗಳು ಅಲ್ಲಿ ಸೋಲುತ್ತವೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ಫೋನಿಗೆ ಚುಚ್ಚಿ ಕೇಳುವವರು 250ರದನ್ನು ಕೊಳ್ಳಬಾರದು. ಆದರೆ ಓಮ್ ಕಡಿಮೆ ಇದ್ದ ಮಾತ್ರಕ್ಕೆ ಸಲೀಸು ಎಂದುಕೊಳ್ಳಬೇಡಿ. ಹೈಫೈಮ್ಯಾನ್ ಎಚ್‌ಇ-6 ಬರೀ 50 ಓಮ್, ಆದರೆ ಸೆನ್ಸಿಟಿವಿಟಿ 83.5 ಡೆಸಿಬೆಲ್. 100 ಡೆಸಿಬೆಲ್ ಸೆನ್ಸಿಟಿವಿಟಿಯ ಹೆಡ್‌ಫೋನಿನಷ್ಟೇ ಜೋರಾಗಿ ಅದು ಹಾಡಬೇಕಾದರೆ 40 ಪಟ್ಟಿಗೂ ಹೆಚ್ಚು ವಿದ್ಯುತ್ ಶಕ್ತಿ ಬೇಕು. ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟಾಗುವುದೇ ಇದಕ್ಕೆ ಕಾರಣ.

ಆಂಪ್ಲಿಫಯರಿಗೂ ತನ್ನದೇ ಔಟ್‌ಪುಟ್ ಇಂಪೀಡೆನ್ಸ್ ಇದೆ. ಅದು ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂಬುದು ಬಳಕೆಯಲ್ಲಿರುವ ಲೆಕ್ಕ: 32 ಓಮ್ ಹೆಡ್‌ಫೋನಿಗೆ 4 ಓಮ್. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್ಲಿಫಯರ್‌ಗಳಲ್ಲಿ ಇದು ಹತ್ತಾರು ಓಮ್ ಇರುತ್ತದೆ, ನೂರು ದಾಟುವುದೂ ಉಂಟು. ಕಡಿಮೆ ಓಮ್‌ನ ಇಯರ್‌ಫೋನ್ ಅದಕ್ಕೆ ಸೇರಿಸಿದರೆ ನಾದದ ಸಮತೋಲನವೇ ಕೆಡಬಹುದು. 300 ಓಮ್‌ನ ಎಚ್‌ಡಿ 600 ಸೇರಿಸಿದರೆ ತಗ್ಗಿನ ನಾದ ತುಸು ತುಂಬಿಕೊಂಡು ಬೆಚ್ಚಗಾಗುತ್ತದೆ. ಆ ಹೆಡ್‌ಫೋನಿನ ಇಂಪೀಡೆನ್ಸ್ ಬಾಸ್ ಪಟ್ಟಿಯಲ್ಲಿ 300ಕ್ಕಿಂತ ಮೇಲೇರುವುದರಿಂದ ಹಾಗೆ. ಭಾವಗೀತೆ, ವೀಣೆ, ಹಳೆಯ ಖಯಾಲ್ ಕೇಳುವವರಿಗೆ ಈ ಜೋಡಿ ಇಷ್ಟವಾಗುತ್ತದೆ. ಇದ್ದದ್ದು ಇದ್ದ ಹಾಗೆ ಕೇಳಬೇಕೆನ್ನುವವರಿಗೆ ಸಾಧಾರಣ ಬೆಲೆಯ ಟ್ರಾನ್ಸಿಸ್ಟರ್ ಆಂಪ್ಲಿಫಯರೇ ಧಾರಾಳ ಸಾಕು. ಕೈಯಲ್ಲಿರುವ ಹಣದ ಬಹುಪಾಲು ಹೆಡ್‌ಫೋನಿಗೇ ಹೋಗಲಿ. ಆಂಪ್ಲಿಫಯರ್ ಬದಲಿಸಿದಾಗ ಆಗುವ ವ್ಯತ್ಯಾಸ ಹೆಚ್ಚಾಗಿ ಸೂಕ್ಷ್ಮ; ಹೆಡ್‌ಫೋನ್ ಬದಲಿಸಿದರೆ ಹಾಡೇ ಬೇರೆಯಾಗುತ್ತದೆ. ಕೊಳ್ಳುವ ಮೊದಲು ಫೋನಿನ ಈಕ್ವಲೈಸರ್‌ನಲ್ಲಿ ಬಾಸ್ ಇಳಿಸಿ ನೋಡುವುದಕ್ಕೆ ಖರ್ಚೇ ಇಲ್ಲ. ಈಗಿರುವ ಹೆಡ್‌ಫೋನೇ ಸಾಕು ಅನ್ನಿಸಲೂಬಹುದು.

ಒಳ್ಳೆಯ ಆಂಪ್ಲಿಫಯರ್ ಜೋರಿನಲ್ಲೂ ನಾದವನ್ನು ಒಡೆಯುವುದಿಲ್ಲ. ಹಾಗಾಗಿ ಜೋರಾಗಿದೆ ಎಂಬುದು ಕೇಳುವವರಿಗೆ ಬೇಗ ಗೊತ್ತಾಗುವುದಿಲ್ಲ, ಅಪಾಯ ಇರುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಅದರ ಮೇಲೆ 3 ಡೆಸಿಬೆಲ್ ಏರಿದರೆ ಅವಧಿ ಅರ್ಧವಾಗುತ್ತದೆ. ಮಕ್ಕಳಿಗೆ ಮಿತಿ 75 ಡೆಸಿಬೆಲ್. ನಿಮ್ಮ ಹೆಡ್‌ಫೋನನ್ನು ಮಗ, ಮಗಳು ಕೇಳಿದಾಗ ಖಂಡಿತ ಕೊಡಿ, ಆದರೆ ವಾಲ್ಯೂಮ್ ಇಳಿಸಿ ಕೊಡಿ.