ಪ್ರೈವೇಟ್ ಡಿವಿಷನ್: ಏಳು ವರ್ಷಗಳ ಒಂದು ಪಾಠ

ವಿಡಿಯೊ ಗೇಮ್ ಉದ್ಯಮದಲ್ಲಿ ನೌಕರಿ ಹಿಡಿದು ಅಮೆರಿಕಕ್ಕೆ ಹೊರಡುವ ಕನಸು ಕಾಣುವ ನಮ್ಮ ತರುಣರು ಮೊದಲು ನೋಡುವುದು ಮಾತೃಸಂಸ್ಥೆಯ ಹೆಸರನ್ನು. ಅದರ ಅಧೀನದಲ್ಲಿರುವ ‘ಲೇಬಲ್’ ಎಂಬ ಅಂಗಸಂಸ್ಥೆಯತ್ತ ಗಮನ ಹರಿಸುವವರು ವಿರಳ. ನೌಕರಿಯ ಅಳಿವು ಉಳಿವು ಎಷ್ಟೋ ಸಲ ಅಲ್ಲಿಯೇ ನಿರ್ಧಾರವಾಗುತ್ತದೆ. ಪ್ರೈವೇಟ್ ಡಿವಿಷನ್ ಲೇಬಲ್‌ನ ಇತಿಹಾಸ ಇದಕ್ಕೆ ನಿದರ್ಶನ.

ನ್ಯೂಯಾರ್ಕಿನ ಟೇಕ್-ಟು ಇಂಟರಾಕ್ಟಿವ್ ಸಂಸ್ಥೆಗೆ ಎರಡು ಹಳೆಯ ಲೇಬಲ್‌ಗಳಿವೆ: 1998ರಲ್ಲಿ ಹುಟ್ಟಿದ ರಾಕ್‌ಸ್ಟಾರ್ ಗೇಮ್ಸ್ ಹಾಗೂ 2005ರಲ್ಲಿ ಆರಂಭವಾದ 2ಕೆ. ಎರಡೂ ಭಾರೀ ಬಂಡವಾಳದ ಆಟಗಳಿಗೆ ಹೆಸರಾದವು. ಸಣ್ಣ, ಸ್ವತಂತ್ರ ತಂಡಗಳ ಆಟಗಳನ್ನು ಪ್ರಕಟಿಸುವ ಉದ್ದೇಶದಿಂದ 2017ರ ಡಿಸೆಂಬರಿನಲ್ಲಿ ಪ್ರೈವೇಟ್ ಡಿವಿಷನ್ ಅಸ್ತಿತ್ವಕ್ಕೆ ಬಂದಿತು. 2019ರಲ್ಲಿ ಅದು ಪ್ರಕಟಿಸಿದ, ಅಬ್ಸಿಡಿಯನ್ ಸಂಸ್ಥೆಯ ‘ದಿ ಔಟರ್ ವರ್ಲ್ಡ್ಸ್’ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾಗಿ ಲೇಬಲ್‌ಗೆ ಕೀರ್ತಿ ತಂದಿತು.

ಸಂಕಷ್ಟ ಬಂದದ್ದು ಮತ್ತೊಂದು ಆಟದಿಂದ. ರಾಕೆಟ್ ಕಟ್ಟಿ ಕಕ್ಷೆಗೆ ಏರಿಸುವ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಅಪಾರ ಜನಪ್ರಿಯವಾಗಿತ್ತು. ಅದರ ಎರಡನೆಯ ಭಾಗಕ್ಕಾಗಿ ಸಿಯಾಟಲ್ ಪ್ರದೇಶದಲ್ಲಿ ಇಂಟರ್‌ಸೆಪ್ಟ್ ಗೇಮ್ಸ್ ಎಂಬ ಸ್ಟುಡಿಯೊವನ್ನೇ ಕಟ್ಟಲಾಯಿತು. 2020ರಲ್ಲಿ ಬರಬೇಕಿದ್ದ ಆಟ, 2023ರ ಫೆಬ್ರವರಿಯಲ್ಲಿ ಅಪೂರ್ಣ ರೂಪದಲ್ಲಿಯೇ ಮಾರುಕಟ್ಟೆಗೆ ಬಂದು ಟೀಕೆಗೆ ಗುರಿಯಾಯಿತು. 2024ರ ಏಪ್ರಿಲ್‌ನಲ್ಲಿ ಟೇಕ್-ಟು ತನ್ನ ಸಿಬ್ಬಂದಿಯ ಸುಮಾರು 5 ಶೇಕಡಾ ಕಡಿತ ಘೋಷಿಸಿತು. ಇಂಟರ್‌ಸೆಪ್ಟ್ ಮುಚ್ಚಿತು, ಲಂಡನ್ನಿನ ರೋಲ್7 ಸ್ಟುಡಿಯೊದ ಗತಿಯೂ ಅದೇ ಆಯಿತು. ನವೆಂಬರಿನಲ್ಲಿ ಲೇಬಲ್ ಮಾರಾಟವಾದ ಸುದ್ದಿ ಹೊರಬಿದ್ದಿತು. ದೊಡ್ಡ ಆಟಗಳತ್ತಲೇ ಗಮನ ನೀಡುವುದು ಮಾತೃಸಂಸ್ಥೆಯ ನಿಲುವಾಗಿತ್ತು.

ಅದೇ ಟೇಕ್-ಟು 2019ರಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಕೊಂಡು ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಸಿಕೊಂಡಿತು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದೇ ಮನೆಯ ಒಂದು ಕೊಂಬೆ ಚಿಗುರಿತು, ಮತ್ತೊಂದನ್ನು ಕಡಿಯಲಾಯಿತು.

ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಉದ್ಯೋಗದಾತ ಅರ್ಜಿ ಸಲ್ಲಿಸಬೇಕು, ಇಲ್ಲವೇ ವೀಸಾದ ಬಗೆ ಬದಲಿಸಿಕೊಳ್ಳಲು ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆದ್ದರಿಂದ ಆಹ್ವಾನಪತ್ರ ಕೈಸೇರಿದಾಗ ಕೇಳಬೇಕಾದ ಪ್ರಶ್ನೆಗಳು ಇವು: ಕೆಲಸ ಯಾವ ಲೇಬಲ್‌ನಲ್ಲಿ? ಒಂದೇ ಆಟವನ್ನು ನೆಚ್ಚಿಕೊಂಡ ಸ್ಟುಡಿಯೊವೇ? ಆ ಆಟ ಸೋತರೆ ಮುಂದೇನು? ಮಕ್ಕಳನ್ನು ಬೀಳ್ಕೊಡುವ ಹೆತ್ತವರೂ ಸಂಬಳದ ಜೊತೆಗೆ ಇದನ್ನೊಮ್ಮೆ ವಿಚಾರಿಸುವುದು ಒಳಿತು.