ಸಂಚಕಾರದ ಹಣವೂ ಕಾಯಿಲೆಯ ಮನೆಯೂ

ನಮ್ಮ ಭಾಷೆಯಲ್ಲಿ ‘ಸಂಚಕಾರ’ ಎಂಬುದೊಂದು ಮಾತುಂಟು. ಸಂಸ್ಕೃತದ ‘ಸತ್ಯಂಕಾರ’ವೇ ಜನರ ನಾಲಗೆಯಲ್ಲಿ ಉರುಳಿ ಸಂಚಕಾರವಾಯಿತು. ಕೊಡುವವನೂ ಕೊಳ್ಳುವವನೂ ಆಡಿದ ಮಾತನ್ನು ಸತ್ಯವಾಗಿಸುವುದಕ್ಕೆಂದು ಮುಂದಾಗಿ ಕೊಟ್ಟ ಅಲ್ಪ ಹಣವೇ ಸಂಚಕಾರವು. ನಮ್ಮ ಕಡೆಯ ಪೇಟೆಗಳಲ್ಲಿ ಇದನ್ನು ಬಯಾನಾ ಎನ್ನುವರು. ಈಗಿನ ರಸೀದಿಗಳಲ್ಲಿ ಅಡ್ವಾನ್ಸ್ ಎಂದು ಅಚ್ಚಾಗಿರುತ್ತದೆ. ಆದರೆ ಇಂದಿನ ಕನ್ನಡದಲ್ಲಿ ‘ಪ್ರಾಣಕ್ಕೆ ಸಂಚಕಾರ ಬಂತು’ ಎಂದರೆ ಕೇಡು ಬಂತೆಂದೇ ಅರ್ಥವು. ಒಂದೇ ಪದವು ಸತ್ಯದ ಗುರುತೂ ಕೇಡಿನ ಹೆಸರೂ ಆಗಿರುವ ಈ ವಿಚಿತ್ರವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನಗುತ್ತ ಹೇಳಿದ್ದೆನು. ಕಳೆದ ವೈಶಾಖದಲ್ಲಿ ಅದರ ಎರಡು ಅರ್ಥಗಳೂ ಒಟ್ಟಿಗೇ ನಮ್ಮ ಮನೆಯ ಹೊಸ್ತಿಲು ತುಳಿದವು.

ನನ್ನ ಊರು ಸುರಪುರ. ತಂಗಿಯ ಮಗಳ ಮದುವೆಯನ್ನು ಯಾದಗಿರಿಯಲ್ಲಿ ಮಾಡುವುದೆಂದು ಗೊತ್ತುಮಾಡಿದ್ದೆವು. ವರನ ಕಡೆಯವರು ಮುಂಬಯಿಯಿಂದ ಬರತಕ್ಕವರು. ಸುರಪುರಕ್ಕೂ ಶಹಾಪುರಕ್ಕೂ ರೈಲು ಹಿಡಿಯುವ ಊರು ಯಾದಗಿರಿಯೇ. ಅಲ್ಲಿಯ ಒಂದು ಕಲ್ಯಾಣಮಂಟಪಕ್ಕೆ ೪೦,೦೦೦ ರೂಪಾಯಿ, ಶಹಾಪುರದ ಅಡಿಗೆಯವರಿಗೆ ೧೦,೦೦೦, ನಮ್ಮೂರ ವಾದ್ಯದವರಿಗೆ ೫,೦೦೦, ಹೀಗೆ ಮುಂಗಡ ಕೊಟ್ಟಾಗಿತ್ತು. ಲಗ್ನಕ್ಕೆ ಹದಿನೆಂಟು ದಿನಗಳಿರುವಾಗ ಹುಡುಗಿಗೆ ಜ್ವರ ಹತ್ತಿತು. ಮೊದಲು ಬಿಸಿಲಿನ ತಾಪವೆಂದುಕೊಂಡೆವು. ಕಲಬುರಗಿಯ ವೈದ್ಯರು ವಿಷಮಶೀತಜ್ವರವೆಂದು ಹೇಳಿ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ವರನ ತಂದೆಯವರು ಸಜ್ಜನರು. “ಹುಡುಗಿ ಗುಣವಾಗಲಿ, ಮುಹೂರ್ತಗಳಿಗೇನು ಕೊರತೆ?” ಎಂದು ತಾವೇ ಫೋನು ಮಾಡಿ ಹೇಳಿದರು. ಲಗ್ನವು ಮುಂದೆ ಹೋಯಿತು.

ಆಮೇಲೆ ನಾನು ಮೂರು ಕಡೆಗೂ ಹೋಗಿ ಸಂಗತಿಯನ್ನು ತಿಳಿಸಿದೆನು. ಮೂರು ಕಡೆಯಲ್ಲಿಯೂ ಮೂರು ಬಗೆಯ ಉತ್ತರ ದೊರೆಯಿತು. ಅಡಿಗೆಯವರು ಬಾಳೆಯೆಲೆಗೂ ಸೌದೆಗೂ ಕೊಟ್ಟಿದ್ದ ೧,೮೦೦ ರೂಪಾಯಿಯ ಚೀಟಿಗಳನ್ನು ನನ್ನ ಮುಂದಿಟ್ಟು, ಉಳಿದುದನ್ನು ಹೊಸ ದಿನಕ್ಕೆ ಜಮೆ ಹಿಡಿದರು. ವಾದ್ಯದವರು ಆ ದಿನಕ್ಕೆಂದು ಬಂದ ಬೇರೊಂದು ಕರೆಯನ್ನು ನಮಗಾಗಿ ಬಿಟ್ಟುಕೊಟ್ಟಿದ್ದರು. ಅವರ ೫,೦೦೦ ರೂಪಾಯಿಯನ್ನು ನಾನು ಕೇಳಲಿಲ್ಲ, ಕೇಳುವುದು ಧರ್ಮವೂ ಆಗಿರಲಿಲ್ಲ. ಮಂಟಪದ ಒಡೆಯರು ಮಾತ್ರ ರಸೀದಿಯ ಅಡಿಯಲ್ಲಿದ್ದ ಸಣ್ಣ ಅಕ್ಷರದ ಸಾಲೊಂದರ ಮೇಲೆ ಬೆರಳಿಟ್ಟರು: ಯಾವ ಕಾರಣದಿಂದಲೂ ಮುಂಗಡ ಹಿಂದಿರುಗಿಸಲಾಗದು. ನಾನು ರುಜು ಹಾಕಿದ್ದುದು ನಿಜ. ಬೇರೆ ದಿನವನ್ನಾದರೂ ಕೊಡಿರೆಂದರೆ, ಅದಕ್ಕೆ ಹೊಸ ಮುಂಗಡ ಬೇಕೆಂದರು. ನಮ್ಮ ಮುಹೂರ್ತದ ದಿನ ಕಾರ್ಯಾಂತರದಿಂದ ಯಾದಗಿರಿಗೆ ಹೋದವನು ಆ ಬೀದಿಯಲ್ಲಿ ಹಾದುಬಂದೆನು. ಅದೇ ಮಂಟಪದಲ್ಲಿ ಬೇರೊಂದು ಮದುವೆ ನಡೆಯುತ್ತಿತ್ತು.

ಈ ಪ್ರಸಂಗವನ್ನು ಹೇಳುವುದು ದೂರುವುದಕ್ಕಲ್ಲ. ಗಿರಾಕಿಯ ಮನೆಯಲ್ಲಿ ಕಾಯಿಲೆ ಬಿದ್ದಾಗ ವ್ಯಾಪಾರಿಯು ರದ್ದತಿಯ ಹಣವನ್ನು ಹಿಡಿಯಬಹುದೇ, ಹಿಡಿದರೆ ಎಷ್ಟು, ಎಂಬ ಪ್ರಶ್ನೆ ಇಂದು ಪ್ರತಿಯೊಬ್ಬ ಗೃಹಸ್ಥನನ್ನೂ ಎಂದಾದರೊಂದು ದಿನ ಮುಟ್ಟತಕ್ಕದ್ದು. ಮುಂಬಯಿಯ ನೆಂಟರೂ ತಮ್ಮ ರೈಲು ಟಿಕೇಟುಗಳನ್ನು ರದ್ದು ಮಾಡಿಸಿ ಸ್ವಲ್ಪ ಹಣ ಕಳೆದುಕೊಂಡರು. ೨೦೧೫ರ ನವೆಂಬರ ೧೨ರಿಂದ ಜಾರಿಗೆ ಬಂದ ರೈಲ್ವೆಯ ನಿಯಮಗಳಲ್ಲಿ, ಖಚಿತವಾದ ಸ್ಲೀಪರ್ ಟಿಕೇಟನ್ನು ಗಾಡಿ ಹೊರಡುವುದಕ್ಕೆ ೪೮ ಗಂಟೆಗಳಿಗಿಂತ ಮುಂಚೆ ರದ್ದು ಮಾಡಿದರೆ ೧೨೦ ರೂಪಾಯಿ, ೪೮ರಿಂದ ೧೨ ಗಂಟೆಗಳ ನಡುವೆ ನಾಲ್ಕರಲ್ಲೊಂದು ಪಾಲು, ೧೨ರಿಂದ ೪ ಗಂಟೆಗಳ ನಡುವೆ ಅರ್ಧ ಕಡಿಯುವುದೆಂದೂ, ಆಮೇಲೆ ಏನೂ ಮರಳದೆಂದೂ ಗೊತ್ತುಮಾಡಿದ್ದರು. ಹೊತ್ತು ಮೀರಿದಂತೆ ಆ ಜಾಗವನ್ನು ಇನ್ನೊಬ್ಬನಿಗೆ ಕೊಡುವುದು ಕಷ್ಟವಾಗುವುದರಿಂದ ಹಣವೂ ಏರುತ್ತದೆ. ಇದರಲ್ಲಿ ಒಂದು ನ್ಯಾಯವಿದೆ. ಪ್ರಯಾಣಿಕನು ಜ್ವರದಿಂದ ಮಲಗಿದನೋ ಮನಸ್ಸು ಬದಲಿಸಿದನೋ ಎಂಬುದನ್ನು ಮಾತ್ರ ಆ ಲೆಕ್ಕವು ನೋಡುವುದಿಲ್ಲ.

ಇಂಥ ಏರುವ ಮೆಟ್ಟಿಲುಗಳ ಲೆಕ್ಕವು ಹೊಸದೇನೂ ಅಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದು ಚೊಕ್ಕವಾಗಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ನೆರೆಯ ಕಲಬುರಗಿ ಜಿಲ್ಲೆಯ ಮರತೂರು ಆತನ ಊರೆಂದು ಪ್ರಸಿದ್ಧವಾಗಿದೆ. ಹೀಗಾಗಿ ಇದು ನಮ್ಮ ಸೀಮೆಯ ಮಾತೂ ಹೌದು. ಹೊರೆ ಹೊರಲು ಒಪ್ಪಿದವನು ಹೊರಡುವ ಹೊತ್ತಿಗೆ ಬಿಟ್ಟರೆ ಕೂಲಿಯ ಏಳರಲ್ಲೊಂದು ಪಾಲು, ದಾರಿ ಹಿಡಿದ ಮೇಲೆ ಬಿಟ್ಟರೆ ನಾಲ್ಕರಲ್ಲೊಂದು ಪಾಲು, ಅರ್ಧದಾರಿಯಲ್ಲಿ ಬಿಟ್ಟರೆ ಕೂಲಿಯಷ್ಟನ್ನೂ ತೆರತಕ್ಕದ್ದು. ಅಷ್ಟೇ ಅಲ್ಲ, ಕೆಲಸಕ್ಕೆ ಹಿಡಿದ ಧಣಿಯೇ ನಡುವೆ ಬಿಡಿಸಿದರೆ ಅವನಿಗೂ ಇದೇ ಲೆಕ್ಕವು. ದಂಡವು ಒಂದು ಕಡೆಗೆ ಮಾತ್ರ ಬೀಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಕಾಯಿಲೆಯ ಮಾತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಕೂಲಿಗೆ ಒಪ್ಪಿದವನು ರೋಗವಿಲ್ಲದೆ ಸೊಕ್ಕಿನಿಂದ ಕೆಲಸ ಬಿಟ್ಟರೆ ಅವನಿಗೆ ಎಂಟು ಕೃಷ್ಣಲಗಳ ದಂಡವಿದೆ, ಕೂಲಿಯೂ ಇಲ್ಲ. ರೋಗದಿಂದ ಬಿಟ್ಟವನಾದರೋ ಗುಣವಾದ ಮೇಲೆ ಬಂದು ಒಪ್ಪಿದ ಕೆಲಸವನ್ನು ಮುಗಿಸಿದರೆ, ಎಷ್ಟು ಕಾಲ ಕಳೆದಿದ್ದರೂ ಅವನಿಗೆ ಕೂಲಿ ಸಲ್ಲತಕ್ಕದ್ದು. ಇಲ್ಲಿ ರೋಗಿಯಾದವನು ಕೆಲಸಗಾರನೇ ಹೊರತು ಗಿರಾಕಿಯಲ್ಲ, ನಿಜ. ಆದರೆ ತತ್ತ್ವವು ಸ್ಪಷ್ಟವಾಗಿದೆ. ಸೊಕ್ಕಿಗೆ ದಂಡ, ರೋಗಕ್ಕೆ ಕಾಲಾವಕಾಶ. ಬಿಡುವುದೂ ಬಿಡಿಸುವುದೂ ಒಂದೇ ತಕ್ಕಡಿಯಲ್ಲಿ ತೂಗುವುದಾದರೆ, ಕೆಲಸಗಾರನ ಜ್ವರಕ್ಕೆ ಸಲ್ಲುವ ದಯೆಯು ಗಿರಾಕಿಯ ಜ್ವರಕ್ಕೂ ಸಲ್ಲಬೇಕಲ್ಲವೇ?

ಇದೇ ಪ್ರಶ್ನೆಯು ಒಮ್ಮೆ ಅರಸನೊಬ್ಬನ ಕಾಯಿಲೆಯಿಂದ ಲಂಡನ್ನಿನ ನ್ಯಾಯಾಲಯಗಳಲ್ಲಿ ಎದ್ದಿತು. ೧೯೦೨ರ ಜೂನ್ ೨೬ರಂದು ಏಳನೆಯ ಎಡ್ವರ್ಡನ ಪಟ್ಟಾಭಿಷೇಕವು ನಡೆಯಬೇಕಾಗಿತ್ತು. ಮೆರವಣಿಗೆ ನೋಡುವುದಕ್ಕಾಗಿ ಬೀದಿಯ ಇಕ್ಕೆಲದ ಮನೆಗಳ ಕೋಣೆಗಳನ್ನು ಜನರು ಬಾಡಿಗೆಗೆ ಹಿಡಿದಿದ್ದರು. ಪಾಲ್ ಮಾಲ್ ಬೀದಿಯಲ್ಲಿ ಕ್ರೆಲ್ ಎಂಬವನ ಕೋಣೆಗಳನ್ನು ಹೆನ್ರಿ ಎಂಬವನು ಎರಡು ದಿನಗಳ ಹಗಲಿಗೆಂದು ೭೫ ಪೌಂಡಿಗೆ ಗೊತ್ತುಮಾಡಿ, ೨೫ ಪೌಂಡನ್ನು ಮುಂಗಡವಾಗಿ ಕೊಟ್ಟಿದ್ದನು. ಜೂನ್ ೨೪ರಂದು ಅರಸನಿಗೆ ಅಪೆಂಡಿಕ್ಸಿನ ಬೇನೆಗಾಗಿ ಶಸ್ತ್ರಚಿಕಿತ್ಸೆಯಾಯಿತು, ಮೆರವಣಿಗೆ ನಿಂತಿತು. ಉಳಿದ ೫೦ ಪೌಂಡಿಗಾಗಿ ಕ್ರೆಲ್ ದಾವೆ ಹೂಡಿದನು. ಮೆರವಣಿಗೆಯೇ ಆ ಬಾಡಿಗೆಯ ಬುನಾದಿಯೆಂದೂ, ಬುನಾದಿ ಕುಸಿದ ಮೇಲೆ ಹಣ ಕೊಡಬೇಕಾಗಿಲ್ಲವೆಂದೂ ೧೯೦೩ರಲ್ಲಿ ತೀರ್ಪಾಯಿತು. ಆದರೆ ಕೊಟ್ಟಿದ್ದ ೨೫ ಪೌಂಡು ಮನೆಯವನಲ್ಲಿಯೇ ಉಳಿಯಿತು. ಕೊಟ್ಟುದು ಕೊಟ್ಟಂತೆ ಎಂಬುದೇ ಆಗ ಅಲ್ಲಿಯ ನ್ಯಾಯವಾಗಿತ್ತು. ೧೯೪೩ರಲ್ಲಿ ಹೊಸ ಕಾನೂನು ಬಂದು, ಇಂಥ ಸಂದರ್ಭದಲ್ಲಿ ಮುಂಗಡವನ್ನು ಮರಳಿಸಬೇಕೆಂದೂ, ಪಡೆದವನು ನಿಜವಾಗಿ ಮಾಡಿದ ಖರ್ಚನ್ನು ಹಿಡಿದುಕೊಳ್ಳಲು ನ್ಯಾಯಾಲಯವು ಅನುಮತಿಸಬಹುದೆಂದೂ ವಿಧಿಸಿತು. ಖರ್ಚನ್ನು ಹಿಡಿಯಬಹುದು, ಬರಲಿದ್ದ ಲಾಭವನ್ನಲ್ಲ.

ನಮ್ಮ ದೇಶದ ೧೮೭೨ರ ಕರಾರು ಕಾಯಿದೆಯು ಈ ವಿವೇಕವನ್ನು ಎಷ್ಟೋ ಮುಂಚೆಯೇ ತೋರಿಸಿತ್ತು. ಅದರ ೬೫ನೆಯ ಕಲಮಿನ ಕೆಳಗೆ ಒಂದು ದೃಷ್ಟಾಂತವಿದೆ. ೧,೦೦೦ ರೂಪಾಯಿ ಮುಂಗಡ ಪಡೆದ ಗಾಯಕನು ಕಚೇರಿಯ ದಿನ ಕಾಯಿಲೆ ಬಿದ್ದರೆ, ಕಚೇರಿ ಏರ್ಪಡಿಸಿದವನಿಗೆ ಬರಬಹುದಾಗಿದ್ದ ಲಾಭವನ್ನು ಅವನು ತುಂಬಿಕೊಡಬೇಕಾಗಿಲ್ಲ, ಆದರೆ ಆ ೧,೦೦೦ ರೂಪಾಯಿಯನ್ನು ಮರಳಿಸಬೇಕು. ೭೪ನೆಯ ಕಲಮಿನ ಪ್ರಕಾರ, ಕರಾರು ಮುರಿದವನು ಇಂತಿಷ್ಟು ತೆರಬೇಕೆಂದು ಮೊದಲೇ ಬರೆದಿದ್ದರೆ, ಆ ಮೊತ್ತವು ಪರಿಹಾರದ ಮೇಲಿನ ಎಲ್ಲೆಯೇ ಹೊರತು ಪರಿಹಾರವೇ ಅಲ್ಲ. ಅದರೊಳಗೆ ಯುಕ್ತವಾದಷ್ಟೇ ಸಲ್ಲುತ್ತದೆ. ೧೯೬೩ರಲ್ಲಿ ಸುಪ್ರೀಂ ಕೋರ್ಟು ಫತೇಚಂದ್ ಮತ್ತು ಬಾಲಕಿಷನ್ ದಾಸ್ ಎಂಬವರ ಮೊಕದ್ದಮೆಯಲ್ಲಿ, ಸಂಚಕಾರವಾಗಿ ಕೊಟ್ಟ ೧,೦೦೦ ರೂಪಾಯಿಯನ್ನು ಉಳಿಸಿಕೊಳ್ಳಲು ಒಪ್ಪಿ, ಆಮೇಲೆ ಕೊಟ್ಟ ೨೪,೦೦೦ ರೂಪಾಯಿಯ ಮುಟ್ಟುಗೋಲನ್ನು ಒಪ್ಪಲಿಲ್ಲ. ಸಂಚಕಾರವು ಸಂಚಕಾರದಷ್ಟೇ ಇರಬೇಕು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ, ಆದ ನಷ್ಟಕ್ಕೆ ಮೀರಿದ ದಂಡವನ್ನು ಗ್ರಾಹಕನ ಮೇಲೆ ಹೊರಿಸುವ ಕರಾರನ್ನು ಅನ್ಯಾಯದ ಕರಾರುಗಳ ಸಾಲಿನಲ್ಲಿ ಎಣಿಸಿದೆ.

ಹಾಗಾದರೆ ರೋಗಿಯಿಂದ ಏನನ್ನೂ ಹಿಡಿಯಬಾರದೇ? ಹಾಗೆ ಹೇಳುವುದೂ ಅನ್ಯಾಯವೇ. ನಮ್ಮ ವಾದ್ಯದವರನ್ನು ನೆನೆಯಿರಿ. ವರ್ಷದಲ್ಲಿ ಮುಹೂರ್ತದ ದಿನಗಳು ಕೆಲವೇ. ಒಂದು ಮುಹೂರ್ತ ಕಳೆದರೆ ಅದು ಬಾಡಿದ ಹೂವಿನಂತೆ, ಮರುದಿನ ಮಾರಲಾಗುವುದಿಲ್ಲ. ಗಿರಾಕಿಗೆ ಬಂದ ಜ್ವರವು ಅವರ ಮಕ್ಕಳ ಊಟವನ್ನು ಕಸಿಯಬಾರದು. ಇದಲ್ಲದೆ ಹುಸಿ ಕಾಯಿಲೆಗಳೂ ಇವೆ. ಮೂವತ್ತಕ್ಕೂ ಮಿಕ್ಕ ವರ್ಷ ಮಕ್ಕಳ ರಜಾಚೀಟಿ ಓದಿದ ನನಗೆ, ಪರೀಕ್ಷೆಯ ದಿನವೇ ಏಳುವ ಹೊಟ್ಟೆನೋವಿನ ಪರಿಚಯ ಚೆನ್ನಾಗಿದೆ. ದೊಡ್ಡವರಲ್ಲಿಯೂ ಆ ಹೊಟ್ಟೆನೋವು ಇಲ್ಲದಿಲ್ಲ. ವೈದ್ಯರ ಚೀಟಿಯನ್ನು ಕೇಳುವುದರಲ್ಲಿ ವ್ಯಾಪಾರಿಯ ತಪ್ಪಿಲ್ಲ; ತೋರಿಸುವುದರಲ್ಲಿ ಗಿರಾಕಿಗೆ ಅವಮಾನವೂ ಇಲ್ಲ.

ಆದುದರಿಂದ ನನ್ನ ಅಭಿಪ್ರಾಯವು ಇಷ್ಟೇ: ನಷ್ಟ ಬೇರೆ, ದಂಡ ಬೇರೆ, ಲಾಭ ಬೇರೆ. ಕಾಯಿಲೆ ಬಿದ್ದ ಮನೆಯಿಂದ ನಷ್ಟವನ್ನು ಹಿಡಿಯಬಹುದು, ದಂಡವನ್ನು ಹಿಡಿಯಬಾರದು, ಆ ಕಾಯಿಲೆಯಿಂದ ಲಾಭವನ್ನಂತೂ ಸರ್ವಥಾ ಮಾಡಿಕೊಳ್ಳಬಾರದು. ಅಡಿಗೆಯವರು ಹಿಡಿದುದು ನಷ್ಟವನ್ನು. ಅದೇ ದಿನವನ್ನು ಇನ್ನೊಬ್ಬರಿಗೆ ಕೊಟ್ಟು ನಮ್ಮ ೪೦,೦೦೦ ರೂಪಾಯಿಯನ್ನೂ ಉಳಿಸಿಕೊಂಡ ಮಂಟಪದವರಿಗೆ ನಷ್ಟವೆಲ್ಲಿಂದ ಬಂತು? ರೋಗಿಯ ಮನೆಯಲ್ಲಿ ಆಗಲೇ ಔಷಧಿಯ ಖರ್ಚು, ಓಡಾಟದ ಖರ್ಚು, ನಿದ್ದೆಗೆಟ್ಟ ರಾತ್ರಿಗಳು ಇರುತ್ತವೆ. ಅಲ್ಲಿಂದ ಎತ್ತಿಕೊಂಡ ಹಣಕ್ಕೆ ರಸೀದಿಯ ಸಣ್ಣ ಅಕ್ಷರಗಳು ಕಾನೂನಿನ ಹೊದಿಕೆಯನ್ನು ಹೊದಿಸಬಹುದು, ಧರ್ಮದ ಹೊದಿಕೆಯನ್ನಲ್ಲ.

ವ್ಯಾಪಾರಿಗಳು ತಮ್ಮ ರಸೀದಿಯಲ್ಲಿ ನಾಲ್ಕು ಮಾತು ಸೇರಿಸಿದರೆ ಸಾಕು. ಕಾಯಿಲೆಗೆ ಮೊದಲ ಪರಿಹಾರವು ಬೇರೆ ದಿನ. ದಿನವು ಹೊಂದದಿದ್ದರೆ ಆದ ಖರ್ಚನ್ನು ಲೆಕ್ಕ ತೋರಿಸಿ ಮುರಿದುಕೊಳ್ಳುವುದು. ಅದೇ ದಿನಕ್ಕೆ ಬೇರೆ ಗಿರಾಕಿ ಬಂದರೆ ಖರ್ಚನ್ನು ಬಿಟ್ಟು ಉಳಿದುದನ್ನು ಮರಳಿಸುವುದು. ವ್ಯಾಪಾರಿಯೇ ಕಾಯಿಲೆ ಬಿದ್ದರೆ ಅವನಿಗೂ ಇದೇ ಕಟ್ಟಳೆ. ಗೃಹಸ್ಥರು ಮಾಡಬೇಕಾದುದು ಎರಡು. ರುಜು ಹಾಕುವ ಮುನ್ನ ಕನ್ನಡಕ ಹಾಕಿಕೊಂಡು ಕೆಳಗಿನ ಸಾಲನ್ನು ಓದಿ ಮಾತಾಡುವುದು. ಕಾಯಿಲೆ ಕಂಡ ದಿನವೇ ಸುದ್ದಿ ತಿಳಿಸುವುದು. ಮುಂಚೆ ತಿಳಿಸಿದಷ್ಟೂ ಎದುರಿನವನ ನಷ್ಟವು ಕಡಿಮೆಯಾಗುತ್ತದೆ.

ಉಪದೇಶವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಒಂದು ಮಾತನ್ನು ಮುಚ್ಚಿಟ್ಟರೆ ಈ ಲೇಖನವು ಅಪ್ರಾಮಾಣಿಕವಾದೀತು. ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಕೆಲವು ಮಕ್ಕಳಿಗೆ ಸಂಸ್ಕೃತ ಹೇಳುತ್ತೇನೆ. ತಿಂಗಳ ಮೊದಲಿಗೇ ೬೦೦ ರೂಪಾಯಿ ಪಡೆಯುತ್ತೇನೆ. ಹೋದ ಶ್ರಾವಣದಲ್ಲಿ ಒಬ್ಬ ಹುಡುಗನು ಡೆಂಗ್ಯೂ ಜ್ವರದಿಂದ ಮೂರು ವಾರ ಬರಲಿಲ್ಲ. ನಾನು ಆ ಹಣದ ಮಾತೆತ್ತಲಿಲ್ಲ, ಮುಂದಿನ ತಿಂಗಳ ಹಣವನ್ನೂ ತೆಗೆದುಕೊಂಡೆನು. ಮಂಟಪದವರ ಮೇಲೆ ಸಿಟ್ಟಾಗಿ ಮನೆಗೆ ಬಂದ ದಿನ ಆ ಹುಡುಗನೇ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದನು. ನನ್ನ ಸಿಟ್ಟು ಅಲ್ಲಿಯೇ ನಾಚಿಕೆಯಾಗಿ ತಿರುಗಿತು.

ಮರುದಿನ ಮೂರು ವಾರಗಳ ಹಣವೆಂದು ೪೫೦ ರೂಪಾಯಿಯನ್ನು ತೆಗೆದುಕೊಂಡು ಆ ಮನೆಗೆ ಹೋದೆನು. ತಾಯಿಯು ಹಣವನ್ನು ಮುಟ್ಟಲಿಲ್ಲ. “ಹಣ ಬೇಡ ಗುರುಗಳೇ, ತಪ್ಪಿದ ಪಾಠಗಳನ್ನು ಹೇಳಿಕೊಡಿರಿ” ಎಂದಳು. ಗುಣವಾದ ಮೇಲೆ ಒಪ್ಪಿದ ಕೆಲಸವನ್ನು ಮುಗಿಸಿದರೆ ಕೂಲಿ ಸಲ್ಲತಕ್ಕದ್ದೆಂಬ ವಚನವನ್ನು ಆಕೆ ಓದಿದವಳಲ್ಲ; ಓದಿದ ನಾನು ಅದನ್ನು ಮರೆತಿದ್ದೆನು. ಈಗ ಭಾನುವಾರದ ಮುಂಜಾನೆ ಆ ಹುಡುಗನಿಗೆ ಬಾಕಿಯ ಪಾಠಗಳು ನಡೆದಿವೆ. ತಂಗಿಯ ಮಗಳ ಮದುವೆಯೂ ಜ್ಯೇಷ್ಠದಲ್ಲಿ ನಮ್ಮೂರ ದೇವಸ್ಥಾನದ ಅಂಗಳದಲ್ಲಿಯೇ ನಿರ್ವಿಘ್ನವಾಗಿ ನಡೆಯಿತು. ಅಡಿಗೆಯವರೂ ವಾದ್ಯದವರೂ ಅವರೇ. ಮಂಟಪದ ರಸೀದಿಯು ಮಾತ್ರ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.