ಜೀಪಿನಿಂದ ಡ್ರೋನ್ ಬ್ಯಾಟರಿಗೆ ಚಾರ್ಜು

ಹೊಲದಲ್ಲಿ ಡ್ರೋನಿನ ಬ್ಯಾಟರಿ ಮುಗಿದು, ಹತ್ತಿರ ಕರೆಂಟಿಲ್ಲದಿದ್ದರೆ ಕಣ್ಣು ಜೀಪಿನ ಬ್ಯಾಟರಿಯ ಕಡೆ ಹೋಗುತ್ತದೆ. ಅದು 12 ವೋಲ್ಟ್, ಮೂರು ಸೆಲ್ಲಿನ ಡ್ರೋನ್ ಬ್ಯಾಟರಿಯೂ ಹೆಚ್ಚುಕಡಿಮೆ ಅಷ್ಟೇ. ಎರಡು ತಂತಿ ಸೇರಿಸಿದರಾಯಿತು ಅನ್ನಿಸಬಹುದು. ಹಾಗೆ ಮಾತ್ರ ಮಾಡಬೇಡಿ.

ಸಾಮಾನ್ಯ ಲಿಥಿಯಂ ಪಾಲಿಮರ್ ಸೆಲ್ಲು ತಾಳುವುದು 4.2 ವೋಲ್ಟ್, ಮೂರಕ್ಕೆ 12.6. ದಿಂಬಂ ಘಾಟಿಯ 27 ತಿರುವು ಹತ್ತುವ ಜೀಪಿನಲ್ಲಿ ಆಲ್ಟರ್ನೇಟರ್ ಕೊಡುವುದು ಸುಮಾರು 14. ಆ ಹೆಚ್ಚಿಗೆಯಿಂದ ಸೆಲ್ಲು ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು.

ಹಾಗಾದರೆ ದಾರಿ ಏನು? 12 ವೋಲ್ಟಿನಿಂದ ನಡೆಯುವ ಬ್ಯಾಲೆನ್ಸ್ ಚಾರ್ಜರ್ ಕೊಳ್ಳಿ. ಅದು ಪ್ರತಿ ಸೆಲ್ಲನ್ನೂ ಬೇರೆಬೇರೆ ಅಳೆದು 4.2ಕ್ಕೆ ನಿಲ್ಲಿಸುತ್ತದೆ. ಮನೆಯಲ್ಲಿ ಮಾಡುವುದು ಜೋಡಣೆಯಷ್ಟೇ: ದಪ್ಪ ತಾಮ್ರದ ತಂತಿ, ಎರಡು ಕ್ಲಿಪ್ಪು, ಜೀಪಿನ ಪ್ಲಸ್ ತುದಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸು. 5000 ಮಿಲಿಆಂಪಿಯರ್-ಅವರ್ ಬ್ಯಾಟರಿಗೆ 5 ಆಂಪಿಯರಿನಂತೆ ಕೊಟ್ಟರೆ ಜೀಪಿನಿಂದ ಹರಿಯುವುದು ಸುಮಾರು 6.

ಜೀಪು ನಿಲ್ಲಿಸಿ, ಒಣಹುಲ್ಲಿನಿಂದ ದೂರ, ಬರಿನೆಲದ ಮೇಲಿಟ್ಟು, ಎದುರೇ ಕೂತು ಚಾರ್ಜು ಮಾಡಿ. ಉಬ್ಬಿದ ಬ್ಯಾಟರಿಗೆ ಚಾರ್ಜು ಕೊಡಲೇಬೇಡಿ. ಸುತ್ತ ಇರುವುದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಬೇಸಿಗೆಯ ಕಾಡಿಗೆ ಒಂದು ಕಿಡಿ ಸಾಕು.